ಹಂಚಿಕೊಂಡ ಮಾತ್ರೆಗಳು

ನಮ್ಮ ಮನೆಯ ಅಂಗಳ ಈ ಗೋಡೆಯಿಂದ ಆ ಗೋಡೆಗೆ ಹದಿನಾಲ್ಕು ಹೆಜ್ಜೆ. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇದ್ದತ್ ಕೂತಿದ್ದಾಗ ಅಳೆದದ್ದು. ಕೂತಿದ್ದೆ ಅನ್ನುವುದು ಮಾತಿಗೆ. ಕೂತದ್ದು ಕಡಿಮೆ, ಓಡಾಡಿದ್ದೇ ಹೆಚ್ಚು. ಒಂದು ದಿನ ಹದಿನಾಲ್ಕು ಬರುತ್ತಿತ್ತು, ಇನ್ನೊಂದು ದಿನ ಹದಿನೈದು, ಕಾಲು ಸೋತ ದಿನ ಹದಿನಾರೂ ಆದದ್ದುಂಟು. ಕಾಲು ನನ್ನದೇ, ಅಂಗಳವೂ ಅದೇ, ಆದರೂ ಒಂದು ದಿನದ ಹಾಗೆ ಇನ್ನೊಂದು ದಿನ ಬರುತ್ತಿರಲಿಲ್ಲ. ಇದನ್ನು ಮಗಳಿಗೆ ಹೇಳಿದಾಗ ಅವಳು ಪುಸ್ತಕದಿಂದ ತಲೆಯೆತ್ತಿ, "ಅಮ್ಮಿ, ನನ್ನ ಮೊದಲನೇ ಪಾಠ ನೀನೇ ಮುಗಿಸ್ಬಿಟ್ಟೆ" ಅಂದಳು.

ಮಗಳು ಮುದ್ದೇನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಫಾರ್ಮಸಿ ಓದುತ್ತಾಳೆ. ಅಪ್ಪನ ಕೊನೆಯ ದಿನಗಳಲ್ಲಿ ಪರೀಕ್ಷೆ ಬಂದು ಒಂದು ವಿಷಯ ಉಳಿದುಬಿಟ್ಟಿತ್ತು. ಸಂಖ್ಯಾಶಾಸ್ತ್ರ. ಒಂದು ಔಷಧಿ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ತಿಳಿಯುವ ವಿದ್ಯೆ. ಅವಳು ಆ ಪುಸ್ತಕವನ್ನು ತೆರೆಯುವುದು, ಅಳುವುದು, ಮುಚ್ಚುವುದು, ಇದೇ ನಡೆದಿತ್ತು. ಒಂದು ಬೆಳಿಗ್ಗೆ ನಾನೇ ಹೋಗಿ ಎದುರಿಗೆ ಕೂತೆ.

"ನನಗೆ ಹೇಳ್ಕೊಡು."

"ನನಗೇ ಬರಲ್ಲ, ನಿನಗೇನು ಹೇಳ್ಕೊಡ್ಲಿ?"

"ಹೇಳ್ತಾ ಹೇಳ್ತಾ ಬರುತ್ತೆ ಕಣೇ."

ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆದರೆ ನಾನು ಶಿಡ್ಲಘಟ್ಟದ ಕನ್ನಡ ಶಾಲೆಯಲ್ಲಿ ಓದಿ ಪಿಯುಸಿ ಮುಗಿಸಿದವಳು. ಲೆಕ್ಕ ಅಂದರೆ ನನ್ನ ತಲೆ ಕನ್ನಡದಲ್ಲೇ ಓಡುತ್ತದೆ. ಹಾಗಾಗಿ ಪಾಠ ಕನ್ನಡದಲ್ಲಿ ನಡೆಯಿತು. ಅಮ್ಮ ತನಗೋಸ್ಕರ ಕೂತಿದ್ದಾಳೆ ಅಂತ ಮಗಳು ತಿಳಿದಳು. ಹಾಗೆ ತಿಳಿಯಲಿ ಅಂತ ಬಿಟ್ಟೆ. ನನ್ನ ಕಾರಣ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಯ ಹಿಂದೆ, ಒಂದು ಬಿಳಿ ಸೀಸೆಯಲ್ಲಿತ್ತು.

ನನ್ನ ಗಂಡ ರೀಲರ್. ಮನೆ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಹಬೆ, ಆ ಹೊಗೆ, ಬೆಂದ ಹುಳುವಿನ ಆ ವಾಸನೆ. ಮೊದಲು ಚಳಿಗಾಲಕ್ಕೆ ಬರುತ್ತಿದ್ದ ಕೆಮ್ಮು ಆಮೇಲೆ ಹೋಗಲೇ ಇಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಇದು ಗುಣವಾಗುವ ರೋಗವಲ್ಲ, ನಿಧಾನ ಮಾಡಬಹುದು ಅಷ್ಟೇ ಅಂದರು ಆಸ್ಪತ್ರೆಯ ಡಾಕ್ಟರು. ಚಿಕ್ಕಬಳ್ಳಾಪುರದಿಂದ ಇನ್ನೊಂದು ಬಸ್ಸು ಹಿಡಿದು ಹೋಗುವ ದೊಡ್ಡ ಆಸ್ಪತ್ರೆ ಅದು. ಅಲ್ಲಿ ಆ ರೋಗಕ್ಕೆ ಒಂದು ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿತ್ತು. ಸೇರುತ್ತೀರಾ ಅಂತ ಕೇಳಿದರು.

ಪರೀಕ್ಷೆಯ ಉಸ್ತುವಾರಿ ಗೌರಿಬಿದನೂರು ಕಡೆಯ ಒಬ್ಬ ಹುಡುಗಿಯದು. ಒಳ್ಳೆಯವಳು. ಕಾಗದವನ್ನೆಲ್ಲ ಸಾಲು ಸಾಲಾಗಿ ಓದಿ ಹೇಳಿದಳು. "ಮಾಮೂಲು ಔಷಧಿ ಎಲ್ಲರಿಗೂ ಇರುತ್ತೆ. ಅದರ ಜೊತೆ ಈ ಸೀಸೆ. ದಿನಕ್ಕೆ ಎರಡು. ಅರ್ಧ ಜನರ ಸೀಸೇಲಿ ಹೊಸ ಔಷಧಿ ಇರುತ್ತೆ, ಅರ್ಧ ಜನರದ್ರಲ್ಲಿ ಬರೀ ಹಿಟ್ಟು. ನೋಡಕ್ಕೆ ಒಂದೇ ತರ. ಯಾರಿಗೆ ಯಾವ್ದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ. ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ."

"ಮತ್ತೆ ಗೊತ್ತಿರೋದು ಯಾರಿಗಮ್ಮಾ?" ನನ್ನ ಗಂಡ ಕೇಳಿದರು.

"ಕಂಪ್ಯೂಟರಿಗೆ."

"ಅದಕ್ಕೆ ಕೆಮ್ಮಿಲ್ವಲ್ಲ, ಪುಣ್ಯ ಮಾಡಿದೆ" ಅಂದು ಸಹಿ ಹಾಕಿದರು. ಕೆಳಗೆ ನನ್ನ ಸಹಿ. ಈ ಔಷಧಿಯನ್ನು ಬೇರೆ ಯಾರಿಗೂ ಕೊಡಬಾರದು ಎಂಬ ಸಾಲನ್ನೂ ಅವಳು ಓದಿದ್ದಳು. ಮಕ್ಕಳ ಕೈಗೆ, ಅಕ್ಕಪಕ್ಕದವರಿಗೆ ಕೊಡಬೇಡಿ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ತಲೆಯಾಡಿಸಿದೆ.

ಅದೇ ದಿನ, ಅದೇ ಪರೀಕ್ಷೆಗೆ, ಕೆಂಚಾರ್ಲಹಳ್ಳಿಯಿಂದ ಒಬ್ಬ ಗಂಡ ಹೆಂಡತಿ ಬಂದಿದ್ದರು. ರೇಷ್ಮೆ ಹುಳು ಸಾಕುವವರು. ಅವರ ಹೊಲದ ಗೂಡು ನಮ್ಮ ಶೆಡ್ಡಿನಲ್ಲಿ ಎಷ್ಟು ಸಲ ಬೆಂದಿದೆಯೋ ಯಾರಿಗೆ ಗೊತ್ತು. ತಿಂಗಳಿಗೊಮ್ಮೆ ಸೀಸೆ ತರಲು ನಮಗೂ ಅವರಿಗೂ ಒಂದೇ ದಿನ ಬಿತ್ತು. ಅವರು ಚಿಂತಾಮಣಿಯಲ್ಲಿ ಬಸ್ಸು ಹತ್ತಿ, ಮುಂದಿನ ಸೀಟುಗಳ ಮೇಲೆ ಟವೆಲ್ ಹಾಸಿ ಶಿಡ್ಲಘಟ್ಟದಲ್ಲಿ ಹತ್ತುವ ನಮಗೆ ಜಾಗ ಹಿಡಿದಿರುತ್ತಿದ್ದರು. ಕಿಟಕಿ ಪಕ್ಕ ಇಬ್ಬರು ಗಂಡಸರು, ಒಬ್ಬರ ಹಿಂದೆ ಒಬ್ಬರು, ಸರದಿಯ ಮೇಲೆ ಕೆಮ್ಮುತ್ತ. ಈಚೆ ನಾವಿಬ್ಬರು ಹೆಂಗಸರು. ಅವಳು ನನಗಿಂತ ಚಿಕ್ಕವಳು. ಮನೆಮಾತು ತೆಲುಗು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು.

ಮೊದಲ ಸೀಸೆ ಕೈಗೆ ಬಂದ ದಿನ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವಳು ಸೀಸೆಯನ್ನು ಅಲ್ಲಾಡಿಸಿ ಸದ್ದು ಕೇಳಿದಳು. "ನಮ್ದ್ರಲ್ಲಿ ಬರೀ ಹಿಟ್ಟೇ ಇದ್ರೆ ಏನಕ್ಕಾ ಗತಿ?"

ನಾನು ಕೇಳಿದೆ, "ನೀವು ಚಾಕಿ ಎಲ್ಲಿಂದ ತರ್ತೀರ?" ಚಾಕಿ ಅಂದರೆ ಎಳೆ ಹುಳು. ಕೇಂದ್ರದಿಂದ ತಂದು ಮನೆಯಲ್ಲಿ ಬೆಳೆಸುತ್ತಾರೆ.

"ನಾವೊಂದು ಕಡೆ, ನಮ್ ವಾರಗಿತ್ತಿ ಇನ್ನೊಂದು ಕಡೆ. ತಂದ್ಮೇಲೆ ಅರ್ಧ ಅರ್ಧ ಮಾಡ್ಕೊಂತೀವಿ. ಒಂದ್ ಕಡೇದಕ್ಕೆ ರೋಗ ಬಿದ್ರೂ ಇಬ್ಬರ ಮನೇಲೂ ಅರ್ಧ ಬೆಳೆ ನಿಲ್ತದೆ ಕದಾ."

"ಹಂಗೇ ಮಾಡಣ" ಅಂದೆ.

ಅಂದವಳು ನಾನು. ಇದನ್ನು ಬರೆಯುವಾಗ ಬೇರೆ ಯಾರ ಬಾಯಿಗೂ ಆ ಮಾತು ಹಾಕಲಾರೆ. ನಾವೂ ಗೂಡು ಕೊಳ್ಳುವಾಗ ಹಾಗೇ ಮಾಡುತ್ತಿದ್ದೆವು. ಪಕ್ಕದ ರೀಲರ್ ಒಂದು ಲಾಟು, ನಾವೊಂದು ಲಾಟು ಹಿಡಿದು ಹಂಚಿಕೊಳ್ಳುವುದು. ಎಳೆ ಸರಿಯಾಗಿ ಬಿಚ್ಚದ ಗೂಡು ಸಿಕ್ಕಿದರೆ ನಷ್ಟ ಇಬ್ಬರಿಗೂ ಅರ್ಧ. ಅವಳ ತಿಂಡಿ ಡಬ್ಬಿಯ ಮುಚ್ಚಳದಲ್ಲಿ ಸೀಸೆಯ ಅರವತ್ತರಲ್ಲಿ ಮೂವತ್ತು ಮಾತ್ರೆ ಎಣಿಸಿದೆವು. ನಮ್ಮ ಮೂವತ್ತು ಅವರ ಸೀಸೆಗೆ, ಅವರ ಮೂವತ್ತು ನಮ್ಮ ಸೀಸೆಗೆ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಉಳಿದ ಮಾತ್ರೆ ಎಣಿಸಿದಾಗ ಸಂಖ್ಯೆ ಸರಿಯಾಗಿಯೇ ಇತ್ತು. ಆರು ತಿಂಗಳು ಹೀಗೆ ಮಾಡಿದೆವು. ಗಂಡಸರಿಬ್ಬರಿಗೂ ಗೊತ್ತಿತ್ತು. ನನ್ನ ಗಂಡ ನಕ್ಕು ಸುಮ್ಮನಾಗಿದ್ದರು.

ಆರನೇ ಸೀಸೆ ತಂದ ಮೇಲೆ ಒಂದು ವಾರ ಮಾತ್ರೆ ನುಂಗಿದರು. ಆಮೇಲೆ ಜ್ವರ ಬಂತು. ಜ್ವರ ಎದೆಗಿಳಿಯಿತು. ನಾಲ್ಕನೇ ದಿನ ಹೋಗಿಬಿಟ್ಟರು.

ಪಾಠ ಶುರುವಾದದ್ದು ಇದಾಗಿ ಎರಡು ವಾರಕ್ಕೆ. ಸರಾಸರಿ ನನಗೆ ಬೇಗ ಬಂತು. ಸರಾಸರಿಯ ಆಚೀಚೆ ಅಂಕಿಗಳು ಎಷ್ಟು ಚೆಲ್ಲಿವೆ ಅಂತ ಅಳೆಯುವುದು ಸ್ವಲ್ಪ ತಡವಾಯಿತು. ಅಂಗಳದ ಹೆಜ್ಜೆಗಳನ್ನು ಹತ್ತು ದಿನ ಬರೆದಿಟ್ಟು, ಮಗಳ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದ ಮೇಲೆ ಅದೂ ತಲೆಯಲ್ಲಿ ಕೂತಿತು. ಇಡೀ ಊರನ್ನು ಅಳೆಯಲಾಗದಿದ್ದರೆ ಕೆಲವರನ್ನು ಆರಿಸಿ ಅಳೆಯುತ್ತಾರೆ, ಆದರೆ ಆರಿಸುವುದರಲ್ಲಿ ಕೈವಾಡ ಇರಬಾರದು ಅಂತ ಅವಳು ಹೇಳಿದಾಗ ಅವರಪ್ಪನ ನೆನಪಾಯಿತು. ಗೂಡಿನ ಮಾರುಕಟ್ಟೆಯಲ್ಲಿ ಅವರು ಮೇಲಿನ ಹಿಡಿಯನ್ನು ಯಾವತ್ತೂ ನಂಬಿದವರಲ್ಲ. ಮೇಲೆ ಒಳ್ಳೆಯ ಗೂಡು ಹರಡಿರುತ್ತಾರೆ ಅಂತ ಮೊಣಕೈವರೆಗೆ ಕೈ ಇಳಿಸಿ, ಮೂರು ಕಡೆಯಿಂದ ಒಂದೊಂದು ಹಿಡಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಬಿಸಿನೀರಿನಲ್ಲಿ ಬೆಂದೂ ಬೆಂದೂ ಅವರ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

"ಅಬ್ಬಾಗೆ ಸ್ಯಾಂಪ್ಲಿಂಗ್ ಬರ್ತಿತ್ತು ಅನ್ನು" ಅಂದಳು ಮಗಳು. ಆ ದಿನ ಪಾಠ ಅಲ್ಲಿಗೇ ನಿಂತಿತು.

ನನಗೆ ಸಿಟ್ಟು ಬಂದದ್ದು ಒಂದೇ ಪಾಠದಲ್ಲಿ. ಔಷಧಿಗೆ ಏನೂ ಶಕ್ತಿಯಿಲ್ಲ ಅಂತ ಮೊದಲು ಒಪ್ಪಿಕೊಂಡು ಲೆಕ್ಕ ಶುರುಮಾಡಬೇಕಂತೆ. "ಯಾಕೆ ಹಂಗೆ ಒಪ್ಕೋಬೇಕು?" ಅಂತ ಜಗಳ ತೆಗೆದೆ. ಮಗಳು ಹುಣಸೆಬೀಜ ತಂದಳು. ಒಂದು ಬದಿ ಉಜ್ಜಿ ಬಿಳಿ ಮಾಡಿದ ಬೀಜ. ಹತ್ತು ಸಲ ಎಸೆದೆ. ಏಳು ಸಲ ಬಿಳಿ ಬಿತ್ತು.

"ಬೀಜದಲ್ಲಿ ಮಂತ್ರ ಇದೆಯಾ?"

"ಇಲ್ಲ."

"ಆದ್ರೂ ಏಳು ಬಿತ್ತು. ಹಂಗೇ ಔಷಧೀಲಿ ಏನೂ ಇಲ್ದೇನೂ ಒಂದು ಗುಂಪು ಚೆನ್ನಾಗಿರಬಹುದು. ಸುಮ್ಮನೆ ಆಗೋದು ಎಷ್ಟು, ಔಷಧಿಯಿಂದ ಆಗೋದು ಎಷ್ಟು ಅಂತ ಬಿಡಿಸ್ಬೇಕಲ್ಲ."

ಒಳಗಿಂದ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಬಾಗಿಲಿಗೆ ಬಂದು ನಿಂತರು. "ಇದ್ದತ್ ಕೂತಿರೋ ಹೆಂಗಸು ಮಗಳ ಜೊತೆ ಚೌಕಾಬಾರ ಆಡ್ತಾ ಇದಾಳೆ. ನೋಡಿದವರು ಏನಂತಾರೆ?"

"ಇದು ಓದು, ದಾದಿ" ಅಂತ ಮಗಳು ಅಜ್ಜಿಗೆ ಹೇಳಿದಳು.

"ನಮ್ ಕಾಲದಲ್ಲಿ ಇದನ್ನ ಓದು ಅನ್ನದಿದ್ದಕ್ಕೇ ನಾನು ಫೇಲಾದೆ" ಅಂದು ಅವರೂ ಒಂದು ಬೀಜ ಎಸೆದು ನೋಡಿ ಒಳಗೆ ಹೋದರು. ಮಗ ಸತ್ತ ಮೇಲೆ ಅವರು ತಮಾಷೆಯ ಮಾತಾಡಿದ್ದು ಅದೇ ಮೊದಲು.

ಎರಡನೇ ತಿಂಗಳು ಎರಡು ಫೋನು ಬಂದವು. ಒಂದು ಆಸ್ಪತ್ರೆಯ ಹುಡುಗಿಯದು. ಉಳಿದ ಮಾತ್ರೆಗಳ ಸೀಸೆ ವಾಪಸ್ ಬೇಕು, ಯಾರ ಕೈಲಾದರೂ ಕಳಿಸಿ ಅಂದಳು. ನಾನೇ ತರುತ್ತೇನೆ, ಇದ್ದತ್ ಮುಗಿಯಲಿ ಅಂದೆ. ಇನ್ನೊಂದು ಕೆಂಚಾರ್ಲಹಳ್ಳಿಯಿಂದ.

"ಅಕ್ಕಾ, ತಪ್ಪು ತಿಳ್ಕಬೇಡ. ಆ ಸೀಸೆ ಇನ್ನೂ ಇಟ್ಟಿದೀಯಾ?"

"ಇದೆ."

"ಅಣ್ಣನಂತೂ ಹೋದ್ರು. ಅದನ್ನ ನಮಗೆ ಕೊಡ್ತೀಯಾ? ಕಳೆದೋಯ್ತು ಅಂತ ಅಲ್ಲಿ ಹೇಳಿದ್ರಾಯ್ತು. ನಿಮ್ದ್ರಲ್ಲೇ ನಿಜವಾದ ಔಷಧಿ ಇದ್ರೆ? ಇವರು ಈಗ ಮೆಟ್ಲು ಹತ್ತುತಾರೆ ಅಕ್ಕಾ, ಅರ್ಧಕ್ಕೆ ನಿಲ್ಲಿಸೋಕೆ ಭಯ."

ನೋಡೋಣ ಅಂದೆ. ಅವಳ ಗಂಡ ಮೆಟ್ಟಿಲು ಹತ್ತುತ್ತಾನೆ ಅಂದ ಮಾತು ಆ ದಿನವೆಲ್ಲ ನನ್ನ ಜೊತೆ ಅಂಗಳದಲ್ಲಿ ಓಡಾಡಿತು. ಒಂದು ಕಾಗದ ತೆಗೆದುಕೊಂಡು ನಾಲ್ಕು ಸಾಲು ಬರೆದೆ. ಇಬ್ಬರ ಸೀಸೆಯಲ್ಲೂ ಔಷಧಿ. ಇಬ್ಬರದರಲ್ಲೂ ಹಿಟ್ಟು. ನಮ್ಮದರಲ್ಲಿ ಔಷಧಿ, ಅವರದರಲ್ಲಿ ಹಿಟ್ಟು. ನಮ್ಮದರಲ್ಲಿ ಹಿಟ್ಟು, ಅವರದರಲ್ಲಿ ಔಷಧಿ. ಮೊದಲ ಎರಡರಲ್ಲಿ ನಾನು ಮಾಡಿದ್ದರಿಂದ ಏನೂ ಬದಲಾಗಿಲ್ಲ. ಮೂರನೆಯದಾದರೆ ನನ್ನ ಗಂಡನ ಬಾಯಿಂದ ಅರ್ಧ ತೆಗೆದು ಕೊಟ್ಟಿದ್ದೇನೆ. ನಾಲ್ಕನೆಯದಾದರೆ ಇನ್ನೊಬ್ಬಳ ಗಂಡನ ಅರ್ಧ ಕಿತ್ತುಕೊಂಡಿದ್ದೇನೆ, ಕಿತ್ತುಕೊಂಡೂ ನನ್ನವರನ್ನು ಉಳಿಸಿಕೊಂಡಿಲ್ಲ. ಅರ್ಧ ಬೆಳೆ ಬಂದರೆ ಅದೂ ಬೆಳೆಯೇ. ಅರ್ಧ ಔಷಧಿ ಔಷಧಿಯೋ ಅಲ್ಲವೋ ನನಗೆ ತಿಳಿಯದು. ನಾಲ್ಕು ಸಾಲಿನಲ್ಲಿ ಯಾವುದು ನಿಜ ಅಂತ ಯಾವ ಸೂತ್ರವೂ ಹೇಳುತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ನೋಡಿ ಏನೂ ಹೇಳಲಾಗದು, ಗುಂಪನ್ನು ನೋಡಬೇಕು ಅಂತ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ನನಗಿದ್ದದ್ದು ಒಬ್ಬನೇ.

ಮೂರನೇ ತಿಂಗಳಲ್ಲಿ ಮಗಳು ಎರಡು ಗುಂಪುಗಳನ್ನು ಹೋಲಿಸುವ ಲೆಕ್ಕ ಬಿಡಿಸುತ್ತಿದ್ದಳು. ಎಡಗಡೆ ಔಷಧಿ ತಿಂದ ಹತ್ತು ಜನ, ಬಲಗಡೆ ಹಿಟ್ಟು ತಿಂದ ಹತ್ತು ಜನ. ಯಾರು ಎಷ್ಟು ದೂರ ನಡೆದರು ಅಂತ ಅಂಕಿ. ನಾನು ಮೆಲ್ಲಗೆ ಕೇಳಿದೆ, "ಈ ಕಡೆಯವರೂ ಆ ಕಡೆಯವರೂ ಮಾತ್ರೆ ಅರ್ಧ ಅರ್ಧ ಹಂಚ್ಕೊಂಡ್ರೆ?"

ಅವಳು ಪೆನ್ನು ಕಚ್ಚಿದಳು. "ಆಗ ಎರಡು ಗುಂಪೂ ಒಂದೇ ಆಗ್ಬಿಡುತ್ತೆ. ವ್ಯತ್ಯಾಸನೇ ಇರಲ್ಲ. ಒಳ್ಳೇ ಔಷಧಿ ಆಗಿದ್ರೂ ಇದು ಕೆಲಸ ಮಾಡಲ್ಲ ಅಂತ ಬಿಸಾಕ್ತಾರೆ."

"ಬರೀ ಇಬ್ಬರು ಹಂಚ್ಕೊಂಡ್ರೆ?"

"ಅಷ್ಟೇನೂ ಆಗಲ್ಲ. ಆದ್ರೆ ಇಬ್ಬರೇ ಅಂತ ಯಾರಿಗ್ಗೊತ್ತು? ಎಲ್ಲ ಊರಲ್ಲೂ ಇಬ್ಬಿಬ್ಬರು ಇದ್ರೆ? ಅಲ್ಲಮ್ಮಿ, ಹಂಗೆ ಯಾರು ಮಾಡ್ತಾರೆ, ತಲೆ ಕೆಟ್ಟಿರುತ್ತಾ?"

ನಾನು ಅಡುಗೆಮನೆಗೆ ಹೋಗಿ ಸೀಸೆ ತಂದು ಅವಳ ಪುಸ್ತಕದ ಮೇಲಿಟ್ಟೆ. ಹೇಳಿದೆ. ಬಸ್ ನಿಲ್ದಾಣದ ಬೆಂಚು, ಡಬ್ಬಿಯ ಮುಚ್ಚಳ, ಮೂವತ್ತು ಮೂವತ್ತು. ಅವಳು ಸೀಸೆಯನ್ನು ಪಕ್ಕಕ್ಕಿಟ್ಟು ಪುಸ್ತಕ ಮುಚ್ಚಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಬ್ಬಾ ಅದಕ್ಕೇ ಹೋದ್ರು ಅಂತ ನಾನು ಹೇಳ್ತೀನಿ ಅನ್ಕೊಂಡ್ಯಾ?" ಕೇಳಿದಳು. "ಹಂಗೆ ಹೇಳೋಕೆ ನನಗೆ ಬರಲ್ಲ. ಹಂಗಲ್ಲ ಅಂತಾನೂ ಹೇಳೋಕೆ ಬರಲ್ಲ. ಆದ್ರೆ ಅವರಿಗೆ ತಿಳಿಸ್ಬೇಕು ಅಮ್ಮಿ. ಇನ್ನೊಬ್ಬರು ಇನ್ನೂ ಮಾತ್ರೆ ತಿಂತಾ ಇದಾರೆ."

ಫೋನಿನಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಇದ್ದತ್ ಮುಗಿಯಲಿ ಅಂತ ಮತ್ತೆ ಮುಂದೂಡಿದೆ. ಹೊಸ್ತಿಲು ದಾಟಬಾರದೆಂಬ ನಿಯಮಕ್ಕೂ ನನ್ನ ಬಾಯಿಗೂ ಸಂಬಂಧವಿರಲಿಲ್ಲ, ಅದು ನನಗೆ ಗೊತ್ತಿತ್ತು. ಉಳಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ, ಅವು ಬೇಗ ಮುಗಿಯಲಿ ಅಂತಲೂ ಮುಗಿಯದಿರಲಿ ಅಂತಲೂ ಬಯಸುತ್ತ ಓಡಾಡಿದೆ. ಈ ನಡುವೆ ಮಗಳು ಪರೀಕ್ಷೆ ಬರೆದು ಬಂದಳು. ಚೆನ್ನಾಗಿ ಆಯಿತಂತೆ.

ಇದ್ದತ್ ಮುಗಿದ ದಿನ ಸ್ನಾನ ಮಾಡಿ ಮೊದಲು ಕೆಂಚಾರ್ಲಹಳ್ಳಿಗೆ ಫೋನು ಮಾಡಿದೆ. ಸೀಸೆಯನ್ನು ಆಸ್ಪತ್ರೆಗೇ ಕೊಡುತ್ತೇನೆ, ನಾವು ಮಾಡಿದ್ದನ್ನು ಹೇಳುತ್ತೇನೆ ಅಂದೆ.

ಅವಳು, "ನಿನ್ ಗಂಡ ಹೋದ ಅಂತ ನನ್ ಗಂಡನ್ನೂ ಹೊರಗೆ ಹಾಕಿಸ್ತೀಯಾ ಅಕ್ಕಾ? ಹಂಗೇ ಮಾಡಣ ಅಂದೋಳು ನೀನೇ ಕದಾ" ಅಂದಳು. ಫೋನು ಇಟ್ಟಳು. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಮರುದಿನ ಮಗಳ ಜೊತೆ ಹೋದೆ. ನಾಲ್ಕು ತಿಂಗಳ ಮೇಲೆ ಬಿಸಿಲು, ಜನ, ಹಾರ್ನು, ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದ ಹಾಗಿತ್ತು. ಆಸ್ಪತ್ರೆಯ ಹುಡುಗಿ ಎದ್ದು ಬಂದು ನನ್ನ ಕೈ ಹಿಡಿದಳು. ನಾನು ಸೀಸೆ ಕೊಟ್ಟು, ಅವಳು ಮಾತ್ರೆ ಎಣಿಸುವ ಮೊದಲೇ ಹೇಳಿಬಿಟ್ಟೆ. ಅವಳು ಪೆನ್ನು ಕೆಳಗಿಟ್ಟಳು.

"ಎಷ್ಟು ತಿಂಗಳು?"

"ಆರೂ ತಿಂಗಳು."

"ಈ ಸೀಸೇಲಿ ನಿಮ್ಮದು ಯಾವುದು, ಅವರದು ಯಾವುದು?"

"ಬೆರೆಸಿಬಿಟ್ಟಿದೀವಿ. ಗೊತ್ತಾಗಲ್ಲ."

"ಯಾರ ಜೊತೆ?"

"ಅದನ್ನ ಅವರೇ ಹೇಳ್ಲಿ ಅಮ್ಮಾ. ನಾನು ಅವರ ಒಪ್ಪಿಗೆ ತಗೊಂಡು ಬಂದಿಲ್ಲ."

ಅವಳು ನನ್ನನ್ನೇ ನೋಡಿದಳು. ನಮ್ಮ ದಾರಿಯಲ್ಲಿ, ನಮ್ಮ ದಿನಕ್ಕೇ ಬರುತ್ತಿದ್ದವರು ಬೇರೆ ಯಾರೂ ಇಲ್ಲ. ಅವಳಿಗೆ ತಿಳಿಯದೆ ಇರಲಿಲ್ಲ. "ಬೇಗ ಬಂದು ಹೇಳೋಕೆ ಹೇಳಿ. ಅವರ ರಕ್ತದ ರಿಪೋರ್ಟ್ ನೋಡೋ ಡಾಕ್ಟರಿಗೆ ಅವರು ಏನು ತಿಂದಿದ್ದಾರೆ ಅಂತ ಗೊತ್ತಿರ್ಬೇಕು. ಪರೀಕ್ಷೇಲಿ ಮುಂದುವರಿಸ್ತಾರಾ ಅಂತ ನಾನು ಮಾತು ಕೊಡಕ್ಕಾಗಲ್ಲ. ಆದ್ರೆ ಅವರ ಮಾಮೂಲು ಚಿಕಿತ್ಸೆ ಯಾರೂ ನಿಲ್ಲಿಸಲ್ಲ."

"ನಮ್ಮವರ ಲೆಕ್ಕ ತೆಗೆದುಹಾಕ್ತೀರಾ?" ನಾನು ಕೇಳಿದೆ.

"ಇಲ್ಲ. ಯಾವ ಗುಂಪಿಗೆ ಚೀಟಿ ಬಿತ್ತೋ ಅದೇ ಗುಂಪಲ್ಲಿ ಇರ್ತಾರೆ. ಮಾತ್ರೆ ತಿಂದ್ರೂ, ಬಿಟ್ರೂ, ಹಂಚಿದ್ರೂ. ಏನಾಯ್ತು ಅಂತ ಪಕ್ಕದಲ್ಲಿ ಬರೀತೀವಿ ಅಷ್ಟೇ."

ಮಗಳು ಮೇಜಿನ ಕೆಳಗೆ ನನ್ನ ಬೆರಳು ಹಿಡಿದಳು. ಈ ನಿಯಮ ಅವಳ ಪುಸ್ತಕದಲ್ಲಿತ್ತು. ನಾನೇ ಅವಳಿಂದ ಎರಡು ಸಲ ಬಾಯಿಪಾಠ ಒಪ್ಪಿಸಿಕೊಂಡಿದ್ದೆ. ಆಗ ಅದು ಬರೀ ನಿಯಮವಾಗಿತ್ತು. ಸೀಸೆಯಲ್ಲಿ ಇದ್ದದ್ದೇನು ಅಂತ ಆಸ್ಪತ್ರೆಯ ಹುಡುಗಿಯನ್ನು ಕೇಳಿದೆ. ಎಲ್ಲರದೂ ಮುಗಿಯುವವರೆಗೆ ಯಾರಿಗೂ ಗೊತ್ತಾಗಲ್ಲ ಅಂದಳು, ಮೊದಲ ದಿನ ಅಂದ ಹಾಗೆಯೇ. ಗೊತ್ತಾದಾಗ ತಿಳಿಸಿ ಅಂತ ನನ್ನ ಫೋನ್ ನಂಬರು ಬರೆಸಿದೆ. ನಲವತ್ತಾರು ಮಾತ್ರೆ ಅಂತ ಅವಳು ಎಣಿಸಿ ಬರೆದುಕೊಂಡಳು.

ಮನೆಗೆ ಬಂದು ಆಸ್ಪತ್ರೆಯ ಹುಡುಗಿ ಹೇಳಿದ್ದನ್ನೆಲ್ಲ ಕೆಂಚಾರ್ಲಹಳ್ಳಿಗೆ ಫೋನಿನಲ್ಲಿ ಹೇಳಿದೆ. ನಾನು ಅವರ ಗುರುತು ಹೇಳಿಲ್ಲ ಅಂತಲೂ, ಹೇಳದಿದ್ದರೂ ಆಸ್ಪತ್ರೆಯವರಿಗೆ ತಿಳಿದಿದೆ ಅಂತಲೂ. ಆ ಕಡೆಯಿಂದ ಹುಳುಗಳು ಸೊಪ್ಪು ತಿನ್ನುವ ಚರಚರ ಸದ್ದು ಕೇಳುತ್ತಿತ್ತು. ಎರಡು ದಿನ ಬಿಟ್ಟು ಅವಳೇ ಮಾಡಿದಳು. "ಸೋಮವಾರ ನಮ್ ಸರದಿ. ಬೆಳಗಿನ ಬಸ್ಸು" ಅಂದಳು. ಬಾ ಅನ್ನಲಿಲ್ಲ.

ಸೋಮವಾರ ಚಿಂತಾಮಣಿಯ ಬಸ್ಸು ಬಂದು ನಿಂತಾಗ ಹತ್ತಿದೆ. ಅವಳ ಗಂಡ ಕಿಟಕಿ ಪಕ್ಕ ಕೂತಿದ್ದ. ನೋಡಿ ತಲೆ ತಗ್ಗಿಸಿದ. ಅವನ ಹಿಂದಿನ ಸೀಟಿನ ಕಿಟಕಿಯ ಬದಿಯಲ್ಲಿ, ನನ್ನ ಗಂಡ ಕೂರುತ್ತಿದ್ದ ಜಾಗದಲ್ಲಿ, ಟವೆಲ್ ಹಾಸಿತ್ತು. ಅವಳು ಪಕ್ಕದಲ್ಲಿ ಕೂತಿದ್ದಳು. ಟವೆಲ್ ಎತ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ನಾನು ಅಲ್ಲಿ ಕೂತೆ. ಚಿಕ್ಕಬಳ್ಳಾಪುರ ಬರುವವರೆಗೆ ಅವನ ಕೆಮ್ಮು ಒಂದೇ ಕೇಳಿಸುತ್ತಿತ್ತು. ಅದಕ್ಕೆ ಜೊತೆ ಕೊಡುವ ಇನ್ನೊಂದು ಕೆಮ್ಮಿಗೆ ನನ್ನ ಕಿವಿ ಕಾಯುತ್ತಿತ್ತು.

ನಿಲ್ದಾಣದ ಕಲ್ಲುಬೆಂಚಿನ ಹತ್ತಿರ ಇಳಿದಾಗ ಅವಳು ಕೇಳಿದಳು. "ಒಳಗೆ ಹೋದ್ಮೇಲೆ ನೀನು ಹೇಳ್ತೀಯಾ, ನಾನು ಹೇಳ್ಲಾ?"

"ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ."

"ಹಂಗೇ ಮಾಡಣ ಅಂದೋಳು ನೀನು ಅಂತಾನೂ ಹೇಳ್ತೀನಿ."

"ಅದನ್ನ ಮೊದಲು ಹೇಳು" ಅಂದೆ. ಮುಂದಿನ ಬಸ್ಸು ಬಂದಿತ್ತು. ಅವಳ ಗಂಡ ನಿಧಾನವಾಗಿ ಮೆಟ್ಟಿಲು ಹತ್ತುತ್ತಿದ್ದ. ನಾವಿಬ್ಬರೂ ಹಿಂದೆ ನಿಂತು ನೋಡಿದೆವು.